ನನಗೆ ಮಾಡಿದ ಎರಡನೆಯ ಬಾಣಂತನ

ಒಂದು ಹೆರಿಗೆಗೆ ಒಂದೇ ಬಾಣಂತನ. ಇದು ಎಲ್ಲರ ಮನೆಯ ಲೆಕ್ಕ. ನನಗೆ ಮಾತ್ರ ಒಂದು ಹೆರಿಗೆಗೆ ಎರಡು ಬಾಣಂತನ ಮಾಡಿದರು. ಎರಡನೆಯದನ್ನು ಮಾಡುವ ಹೊತ್ತಿಗೆ ನನ್ನ ಮಗಳು ಕರುವಿನ ಬಾಲ ಹಿಡಿದುಕೊಂಡು ಅಂಗಳದ ತುಂಬ ಓಡುತ್ತಿದ್ದಳು. ಈ ಮಾತು ಹೇಳಿದರೆ ಈಗಿನ ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ. ನಗಲಿ ಬಿಡಿ. ನನಗಂತೂ ಇನ್ನೂ ಸಿಟ್ಟು ಇಳಿದಿಲ್ಲ.

ಎಂಬತ್ತರ ದಶಕದ ಶುರುವಿನ ಮಾತಿದು. ನನ್ನ ತವರು ಅಣ್ಣಿಗೇರಿ, ಕೊಟ್ಟ ಮನೆ ಸಂಶಿ. ಮನೆಯಲ್ಲಿ ನಾನು, ನನ್ನ ಗಂಡ, ನಮ್ಮ ಅತ್ತೆ, ಕೂಸು. ಮಾವನವರು ಬಹಳ ಹಿಂದೆಯೇ ತೀರಿಕೊಂಡಿದ್ದರು. ಎರೆಹೊಲದಲ್ಲಿ ಮೆಣಸಿನಕಾಯಿ, ಹತ್ತಿ, ಜೋಳ. ಹೊಲ ಗಂಡನದು, ಅಡುಗೆಮನೆ ಅತ್ತೆಯದು. ನಾನು ಎರಡಕ್ಕೂ ನಡುವೆ ಬುತ್ತಿ ಹೊರುವವಳು.

ತವರಿನಲ್ಲಿ ಹೆರಿಗೆ, ಬಾಣಂತನ ಎಲ್ಲ ಮುಗಿಸಿಕೊಂಡು ಸಂಶಿಗೆ ಬಂದ ಕೆಲವು ತಿಂಗಳಿಗೆ ಇದು ಶುರುವಾಯಿತು. ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದ್ದೆವು. ಎಡಗಣ್ಣಿಗೆ ಕಸ ಬಿತ್ತೆಂದು ಬಲಗಣ್ಣು ಮುಚ್ಚಿ ನೋಡಿದೆ. ಅಂಗಳದ ಕೆಂಪೆಲ್ಲ ಮಾಸಿ ಹಳೇ ಇಟ್ಟಿಗೆಯ ಬಣ್ಣವಾಗಿತ್ತು. ಬಲಗಣ್ಣು ತೆರೆದು ಎಡಗಣ್ಣು ಮುಚ್ಚಿದರೆ ಮತ್ತೆ ಝಗಝಗ ಕೆಂಪು. ಎಡಗಣ್ಣು ಹೊರಳಿಸಿದರೆ ಒಳಗೆ ಹಿಂಡಿದ ಹಾಗೆ ನೋವು.

"ಅತ್ಯಾರ, ಈ ಕಣ್ಣಿಗೆ ಮೆಣಸಿನಕಾಯಿ ಕೆಂಪಗ ಕಾಣವಲ್ದು" ಅಂದೆ.

"ಘಾಟು ಹತ್ತೈತಿ. ತಣ್ಣೀರಿಲೆ ತೊಳಕೋ" ಅಂದರು ಅತ್ತೆ. ನನ್ನ ಈ ರೋಗದ ಇಡೀ ಚರಿತ್ರೆಯಲ್ಲಿ ಅವರು ತಣ್ಣೀರು ಅಂದದ್ದು ಅದೇ ಮೊದಲು. ಆಮೇಲೆ ವರ್ಷಗಟ್ಟಲೆ ಅವರ ಬಾಯಿಂದ ಆ ಶಬ್ದ ಬರಲಿಲ್ಲ.

ಕಣ್ಣು ಕೆಲವು ವಾರಗಳಲ್ಲಿ ತಾನಾಗಿ ಸರಿಹೋಯಿತು. ನಾನೂ ಮರೆತೆ. ಮುಂದೆ ಸುಗ್ಗಿ ಬಂತು, ಆಳುಗಳಿಗೆ ರೊಟ್ಟಿ ಮಾಡುವ ಕೆಲಸ ಬಂತು. ನಮ್ಮಲ್ಲಿ ರಾಶಿ ರೊಟ್ಟಿ ಮಾಡಬೇಕೆಂದರೆ ಇಬ್ಬರು ಕೂಡಬೇಕು. ಒಬ್ಬರು ಬಡಿಯಬೇಕು, ಒಬ್ಬರು ಹಂಚಿನ ಮೇಲೆ ಬೇಯಿಸಬೇಕು. ನಾನು ಒಲೆಯ ಬಾಜೂಕ್ಕೇ ಕೂತು ಬಡಿಯುವವಳು. ಮೊದಲ ನಾಲ್ಕಾರು ರೊಟ್ಟಿ ಚೆನ್ನಾಗಿ ಬರುತ್ತಿದ್ದವು. ಒಲೆ ಉರಿ ಹಿಡಿದು ಮೈ ಬೆವರಲು ಶುರುವಾಯಿತೋ, ಎಡಗೈ ಬೆರಳು ನನ್ನವಲ್ಲವೇನೋ ಎನ್ನುವಷ್ಟು ಭಾರವಾಗುತ್ತಿದ್ದವು. ಸರಿಹೋಗಿದ್ದ ಎಡಗಣ್ಣಿಗೆ ಮತ್ತೆ ಮಂಜು ಕವಿಯುತ್ತಿತ್ತು. ಎದ್ದು ಹಿತ್ತಲಿಗೆ ಹೋಗಿ ಬೇವಿನ ನೆರಳಲ್ಲಿ ಕೂತು ಸೆರಗಿನಿಂದ ಗಾಳಿ ಬೀಸಿಕೊಂಡರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ವಾಪಸ್. ಕಣ್ಣು ಕಾಣುತ್ತಿತ್ತು, ಬೆರಳು ಆಡುತ್ತಿದ್ದವು. ಒಳಗೆ ಹೋಗಿ ಒಲೆ ಮುಂದೆ ಕೂತರೆ ಮತ್ತೆ ಅದೇ ಹಣೆಬರಹ.

ಈ ರೋಗಕ್ಕೆ ಮರ್ಯಾದೆ ಎಂಬುದಿಲ್ಲ ನೋಡಿ. ಬರುವುದಾದರೆ ಜ್ವರದ ಹಾಗೆ ಬಂದು ಮೈ ಸುಡಬೇಕು, ನಾಲ್ಕು ಜನ ಮುಟ್ಟಿ ನೋಡಿ ಹೌದಪ್ಪಾ ಅನ್ನಬೇಕು. ಒಲೆ ಮುಂದೆ ಬಂದು, ಗಾಳಿಗೆ ಹೋಗುವ ರೋಗವನ್ನು ಯಾರು ನಂಬುತ್ತಾರೆ? ಅತ್ತೆ ನೇರವಾಗಿಯೇ ಅಂದರು.

"ಇದೆಂಥಾ ಬ್ಯಾನಿ ಬೇ ನಿಂದು? ಒಲಿ ಮುಂದ ಕುಂತ್ರ ಬರತೈತಿ, ಗಾಳಿಗೆ ಕುಂತ್ರ ಹೋಗತೈತಿ! ಕೆಲಸಗಳ್ಳರ ಬ್ಯಾನಿ ಇದು."

"ನಾ ಯಾಕ ಸುಳ್ಳ ಹೇಳ್ಲಿರಿ?"

"ನನಗೇನ್ ಗೊತ್ತು? ನಿನ್ನ ಮೈ, ನಿನ್ನ ಬಾಯಿ."

ಆ ಮಾತು ನನಗೆ ನಾಟಿತು. ನಾನು ಪಿಯುಸಿ ತನಕ ಓದಿದವಳು, ತವರಿನಲ್ಲಿ ಕೆಲಸಕ್ಕೆ ಹಿಂದೆ ಬಿದ್ದವಳಲ್ಲ. ನನ್ನ ಮೈಯೊಳಗೆ ಆಗುತ್ತಿರುವುದಕ್ಕೆ ನಾನೊಬ್ಬಳೇ ಸಾಕ್ಷಿ, ಆ ಸಾಕ್ಷಿಯನ್ನೇ ಮನೆಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ನನಗೆ ಆಗ ಬೇಕಾಗಿದ್ದದ್ದು ಔಷಧವೂ ಅಲ್ಲ. "ಹೌದು, ನಿನಗೆ ಬ್ಯಾನಿ ಬಂದೈತಿ" ಎಂದು ಅತ್ತೆ ಒಮ್ಮೆ ಅಂದಿದ್ದರೆ ಸಾಕಿತ್ತು.

ಮುಂದಿನ ವರ್ಷ ಕಾಲು ಹಿಡಿದವು. ಪಾದಕ್ಕೆ ಹಸಿ ಕೌದಿ ಸುತ್ತಿದ ಹಾಗೆ, ನೆಲ ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಕತ್ತು ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಕರೆಂಟು ಹೊಡೆದ ಹಾಗೆ ಝುಮ್ಮೆಂದು ಇಳಿಯುತ್ತಿತ್ತು. ಒಂದು ದಿನ ಬುತ್ತಿಗಂಟು ಹೊತ್ತು ಹೊಲಕ್ಕೆ ಹೋಗುವಾಗ ಬದುವಿನ ಮೇಲೆ ಧಪ್ಪನೆ ಬಿದ್ದೆ. ರೊಟ್ಟಿಯೆಲ್ಲ ಎರೆಮಣ್ಣಿನ ಪಾಲಾದವು. ಆಳುಗಳು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಮನೆಗೆ ತಂದರು.

ಗಾಡಿಯಲ್ಲಿ ಬಂದ ಸೊಸೆಯನ್ನು ಕಂಡು ಅತ್ತೆಗೆ ದಿಗಿಲಾಯಿತು. "ಅಯ್ಯ ಶಿವನ!" ಎಂದು ಎದೆ ಹಿಡಿದುಕೊಂಡರು. ಈಗಲಾದರೂ ನಂಬಿದರು ಎಂದು ನಾನು ಅಂದುಕೊಂಡೆ. ಅವರು ನಂಬಿದ್ದು ಬೇರೆಯದನ್ನೇ. ನನ್ನ ಪಾದ ಮುಟ್ಟಿ ನೋಡಿ, ತಣ್ಣಗಿದೆಯೆಂದು ಖಾತ್ರಿ ಮಾಡಿಕೊಂಡು ತೀರ್ಪು ಕೊಟ್ಟರು.

"ಬಾಣಂತ್ಯಾಗ ತಂಪು ಹತ್ತೈತಿ ಇಕಿಗೆ. ಅಣ್ಣಿಗೇರ್ಯಾಗ ಸರಿಯಾಗಿ ಬಾಣಂತನ ಮಾಡಿಲ್ಲ. ಕಿವಿ ಕಟ್ಟಿಲ್ಲ, ಹೊರಸಿನ ಬುಡಕ ಕೆಂಡ ಇಟ್ಟಿಲ್ಲ. ವಾಯು ಒಳಗ ಕುಂತೈತಿ."

"ನಮ್ಮವ್ವ ಎಲ್ಲಾ ಮಾಡ್ಯಾಳ್ರಿ" ಅಂದೆ.

"ಮಾಡಿದ್ರ ನೀ ಹಿಂಗ ಯಾಕ ಬೀಳತಿದ್ದಿ?"

ನೋಡಿ, ರೋಗ ನನ್ನದು, ಬೈಗುಳ ನಮ್ಮವ್ವನಿಗೆ. ಆ ತಾಯಿ ಕೆಂಡ ಹೊತ್ತು ಹೊತ್ತು ಸೀರೆಯ ಅಂಚೆಲ್ಲ ಸುಟ್ಟುಕೊಂಡಿದ್ದಳು. ನನಗೆ ಸಿಟ್ಟಿನಲ್ಲಿ ಅಳು ಬಂತು. ಅದನ್ನೂ ಅತ್ತೆ ವಾಯುವಿನ ಲಕ್ಷಣವೆಂದೇ ತಿಳಿದರು.

ಹೀಗೆ ನನಗೆ ಎರಡನೆಯ ಬಾಣಂತನ ಶುರುವಾಯಿತು. ಒಳಕೋಣೆಯ ಕಿಟಕಿಗೆ ಹಳೇ ಸೀರೆ ತುರುಕಿದರು. ಹೊರಸಿನ ಮೇಲೆ ನನ್ನನ್ನು ಮಲಗಿಸಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದರು. ಹೊರಸಿನ ಬುಡಕ್ಕೆ ಕೆಂಡದ ಬೋಗುಣಿ, ಅದರ ಮೇಲೆ ಅಜವಾನದ ಹೊಗೆ. ಕೂಸು ಮಾತ್ರ ಪಕ್ಕದಲ್ಲಿ ಇರಲಿಲ್ಲ, ಅದು ಹೊರಗೆ ಆಡುತ್ತಿತ್ತು. ನೋಡಲು ಬಂದ ಹೆಂಗಸೊಬ್ಬಳು ಕತ್ತಲಲ್ಲಿ ನನ್ನ ಬಾಜೂಕ್ಕೆ ಕೈಯಾಡಿಸಿ, "ಗಂಡೋ ಹೆಣ್ಣೋ?" ಎಂದು ಕೇಳಿದಳು.

ದಿನವೂ ಮೈಗೆ ಎಣ್ಣೆ ತಿಕ್ಕಿ, ಹಂಡೆಯ ಸುಡುಸುಡು ನೀರು ಎರೆಯುತ್ತಿದ್ದರು. ಈ ಕೆಲಸವನ್ನು ಅತ್ತೆ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಆ ವಯಸ್ಸಿನಲ್ಲಿ ಏದುಸಿರು ಬಿಡುತ್ತ, ಕೈ ಕೆಂಪಾದರೂ ಲೆಕ್ಕಿಸದೆ ಚರಿಗೆ ಚರಿಗೆ ಎರೆಯುತ್ತಿದ್ದರು. ದ್ವೇಷ ಇದ್ದವರು ಹಾಗೆ ಮೈಮುರಿದು ನೀರು ಎರೆಯುವುದಿಲ್ಲ. ಅದು ಗೊತ್ತಿದ್ದೇ ನನಗೆ ಹೆಚ್ಚು ಸಂಕಟ. ಬಚ್ಚಲಿಗೆ ಗೋಡೆ ಹಿಡಿದು ನಡೆದುಹೋಗುತ್ತಿದ್ದ ನಾನು, ನೀರು ಎರೆದಾದ ಮೇಲೆ ಏಳಲಾಗದೆ ಕುಸಿಯುತ್ತಿದ್ದೆ. ಕಣ್ಣಿಗೆ ಕತ್ತಲು, ಮಾತು ತೊದಲು. ಇಬ್ಬರು ಹೊತ್ತು ತಂದು ಮತ್ತೆ ಕೆಂಡದ ಮೇಲೆ ಮಲಗಿಸುತ್ತಿದ್ದರು.

"ಬಿಸಿನೀರು ಬ್ಯಾಡ್ರಿ ಅತ್ಯಾರ, ನಿಮ್ಮ ಕಾಲಿಗೆ ಬೀಳ್ತೀನಿ. ಅದಕ್ಕ ಹೆಚ್ಚಾಗಾಕತ್ತೈತಿ."

"ವಾಯು ಹೊರಗ ಬರಾಕತ್ತೈತಿ, ಅದಕ್ಕ ಹಂಗ. ತಡಕೋ. ಇನ್ನಷ್ಟು ಕಾಯಿಸಬೇಕು ನೀರು."

ಏನು ಹೇಳುತ್ತೀರಿ ಇದಕ್ಕೆ? ಹೆಚ್ಚಾದರೆ ಔಷಧ ಕೆಲಸ ಮಾಡುತ್ತಿದೆ, ಕಡಿಮೆಯಾದರೆ ಔಷಧ ಕೆಲಸ ಮಾಡಿದೆ. ಗಂಡನ ಮುಖ ನೋಡಿದರೆ ಅವರು ಹೊಸ್ತಿಲಲ್ಲಿ ನಿಂತು ಚಪ್ಪಲಿ ನೋಡುತ್ತಿದ್ದರು. "ಅವ್ವ ಹೇಳಿದಂಗ ಕೇಳು, ಸ್ವಲ್ಪ ದಿನ" ಅನ್ನುತ್ತಿದ್ದರು. ಅವರಷ್ಟು ಒಳ್ಳೆಯ ಗಂಡ, ಅವರಷ್ಟು ಉಪಯೋಗವಿಲ್ಲದ ಗಂಡ, ಆ ಓಣಿಯಲ್ಲೇ ಇರಲಿಲ್ಲ.

ಮಳೆ ಬಂತು. ಕಟ್ಟಿಗೆ ಹಸಿಯಾದವು, ಅತ್ತೆಗೂ ಸೊಂಟ ಹಿಡಿಯಿತು. ಬಾಣಂತನ ನಿಂತಿತು. ಕಿಟಕಿಯ ಸೀರೆ ಕಿತ್ತು ಗಾಳಿ ಬಿಟ್ಟುಕೊಂಡೆ. ನಿಧಾನವಾಗಿ ಕಾಲಿಗೆ ಜೀವ ಬಂತು. ಶ್ರಾವಣದ ಹೊತ್ತಿಗೆ ಗುಡಿಗೆ ಒಬ್ಬಳೇ ನಡೆದುಹೋದೆ. ಊರೆಲ್ಲ ಅತ್ತೆಯ ಕೈಗುಣ ಹೊಗಳಿತು. "ಸೊಸಿಗೆ ಮತ್ತೊಮ್ಮೆ ಬಾಣಂತನ ಮಾಡಿ ಎಬ್ಬಿಸಿ ಕುಂದ್ರಿಸ್ಯಾಳ" ಎಂದು ಸಂತೆಯಲ್ಲಿ ಮಾತಾಯಿತು. ಸೊಂಟ ನೋವು, ಮಂಡಿ ನೋವು ಎಂದು ಹೆಂಗಸರು ನಮ್ಮ ಮನೆಗೆ ಸಲಹೆ ಕೇಳಲು ಬರತೊಡಗಿದರು. ಬಾಣಂತನ ನಿಲ್ಲಿಸಿದ್ದಕ್ಕೇ ನಾನು ಎದ್ದೆ ಎಂದು ಹೇಳಿದರೆ, ಉಪಕಾರ ಮರೆತವಳು ಎಂಬ ಬಿರುದು ಬೇರೆ ಸಿಗುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದೆ.

ಈ ರೋಗದ ಚಾಳಿಯೇ ಅದು ಎಂದು ಆಮೇಲೆ ತಿಳಿಯಿತು. ಬರುತ್ತದೆ, ವಾರಗಟ್ಟಲೆ ತಿಂಗಳುಗಟ್ಟಲೆ ಕಾಡುತ್ತದೆ, ತನ್ನ ಪಾಡಿಗೆ ಹಿಂದೆ ಸರಿಯುತ್ತದೆ. ಸರಿಯುವಾಗ ಯಾರ ಕೈಯಲ್ಲಿ ಔಷಧ ಇತ್ತೋ ಅವರಿಗೆ ಹೆಸರು. ಮುಂದಿನ ಸಲ ಬಂದಾಗ ದೇವಿಕೊಪ್ಪದ ಕಡೆಯ ನಾಟಿ ವೈದ್ಯನೊಬ್ಬ ಕಹಿ ಕಷಾಯ ಕೊಟ್ಟ. ಆಗಲೂ ಎದ್ದೆ, ಹೆಸರು ಅವನಿಗೆ ಹೋಯಿತು. ಮತ್ತೆ ಬಿದ್ದಾಗ ತಪ್ಪು ಮಾತ್ರ ನನ್ನದು. "ಪಥ್ಯ ಮುರದಾಳ. ಮೊಸರು ತಿಂದಾಳ." ಮೊಸರಿಲ್ಲದೆ ರೊಟ್ಟಿ ಹೇಗೆ ತಿನ್ನುವುದು ಹೇಳಿ!

ಒಂದು ಬೇಸಿಗೆಯಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಬಂತು. ಸೊಂಟದ ಕೆಳಗೆ ಎರಡೂ ಕಾಲು ಕೊರಡು. ಹೊಟ್ಟೆಯ ಸುತ್ತ ಯಾರೋ ಹಗ್ಗ ಬಿಗಿದ ಹಾಗೆ. ಮೂತ್ರ ಬರುವುದು ಗೊತ್ತಾಗುವಷ್ಟರಲ್ಲಿ ಸೀರೆ ಒದ್ದೆ. ಓದು ಕಲಿತ ಹೆಂಗಸು, ಮಗಳ ಎದುರಿಗೆ ಹಾಸಿಗೆ ಒದ್ದೆ ಮಾಡಿಕೊಳ್ಳುವ ನಾಚಿಕೆಯನ್ನು ನಾನು ಬರೆದು ತೀರಿಸಲಾರೆ. ಅಷ್ಟರಲ್ಲಿ ಅಟ್ಟದ ಮೇಲಿಂದ ಧಡಧಡ ಸದ್ದು. ಅತ್ತೆ ಹೊರಸು ಇಳಿಸುತ್ತಿದ್ದರು. ಮೂರನೆಯ ಬಾಣಂತನ!

ನಾನು ಪಡಸಾಲೆಯ ಕಂಬ ತಬ್ಬಿಕೊಂಡೆ. "ಆ ಕೋಣ್ಯಾಗ ನಾ ಕಾಲಿಡಂಗಿಲ್ಲ. ಹೊತ್ತು ಒಯ್ದು ಹಾಕಿದ್ರ ಅಂಬೆಗಾಲಿಲೆ ಹೊರಗ ಬರತೀನಿ. ನಿಮ್ಮ ಹಂಡೆ ಒಡದು ಹಾಕತೀನಿ!" ಎಂದು ಕಿರುಚಿದೆ. ಓಣಿಯ ಜನ ಬಾಗಿಲಲ್ಲಿ ಕೂಡಿದರು. ಕೂಡಲಿ, ನನಗೇನು? ಮಗಳು ಹೆದರಿ ಅಳತೊಡಗಿದಳು. ಆಗ ನನ್ನ ಗಂಡ ಮೊದಲ ಬಾರಿಗೆ ಹೊಸ್ತಿಲು ದಾಟಿ ಒಳಗೆ ಬಂದು, "ಸಾಕವ್ವಾ. ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಹೋಗೂಣು" ಅಂದರು.

"ಹೋಗೂಣು ನಡಿ. ನಾನೂ ಬರತೀನಿ. ಡಾಕ್ಟರ್ ಮುಂದ ಇಕಿ ಆಟ ಎಲ್ಲಾ ಹೇಳತೀನಿ" ಎಂದು ಅತ್ತೆ ಸೆರಗು ಸಿಕ್ಕಿಸಿದರು.

ನರರೋಗದ ಡಾಕ್ಟರು ಬಹಳ ಹೊತ್ತು ನೋಡಿದರು. ಮಂಡಿಗೆ ಸುತ್ತಿಗೆ ಬಡಿದರು, ಅಂಗಾಲಿಗೆ ಕಡ್ಡಿಯಿಂದ ಗೀರಿದರು, ಕಣ್ಣಿಗೆ ದೀಪ ಹಿಡಿದರು. ಹಿಂದೆ ಕಣ್ಣಿಗೆ ಏನಾಗಿತ್ತು, ಎಷ್ಟು ಸಲ ಬಂದು ಹೋಯಿತು ಎಂದು ಕೇಳಿದರು. ಕಡೆಗೆ, "ಬಿಸಿನೀರು ಸ್ನಾನ ಮಾಡಿದ್ರ ಏನಾಗ್ತದ?" ಅಂದರು.

ಇಷ್ಟು ವರ್ಷಗಳಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಚಾಡಿ ಶುರು ಮಾಡಿದರು.

"ಅದನ್ನ ನನ್ನ ಕೇಳ್ರಿ ಡಾಕ್ಟ್ರ! ಬಚ್ಚಲಕ್ಕ ತಾನ ನಡಕೊಂಡು ಹೋಗತಾಳ. ನೀರು ಎರದ ಕೂಡಲೆ ಕಾಲು ಬಿದ್ದು ಹೋದುವು, ಕಣ್ಣು ಕಾಣವಲ್ದು ಅಂತ ಬೀಳತಾಳ. ಮೈ ಆರಿದ ಮ್ಯಾಲೆ ಮತ್ತ ಎದ್ದು ಕುಂದ್ರತಾಳ. ಒಲಿ ಮುಂದೂ ಅಗದಿ ಹಂಗ. ಚಳಿಯೊಳಗ ನೋಡ್ರಿ, ಚಿಗರಿ ಹಂಗ ಓಡಾಡತಾಳ! ಖರೇ ಬ್ಯಾನಿ ಆದ್ರ ಹಿಂಗ ಮಾಡತೈತೇನ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಇನ್ನೊಮ್ಮೆ ಹೇಳ್ರಿ" ಅಂದರು. ಅತ್ತೆ ಇನ್ನೂ ಹುರುಪಿನಿಂದ ಹೇಳಿದರು.

"ಖರೇ ಬ್ಯಾನಿನ ಹಿಂಗ ಮಾಡ್ತದ್ರಿ" ಅಂದರು ಡಾಕ್ಟರು. "ಹಿಂದಕ ಈ ರೋಗ ಕಂಡು ಹಿಡೀಲಿಕ್ಕೆ ಡಾಕ್ಟರಗೋಳು ರೋಗಿನ್ನ ಬಿಸಿನೀರಿನ ತೊಟ್ಟ್ಯಾಗ ಕುಂದ್ರಿಸಿ ನೋಡ್ತಿದ್ರು. ಆ ಪರೀಕ್ಷಾ ನೀವು ಮನ್ಯಾಗ ದಿನಾ ಮಾಡೀರಿ."

ತಮ್ಮನ್ನು ಹೊಗಳಿದರೋ ಬೈದರೋ ತಿಳಿಯದೆ ಅತ್ತೆ ನನ್ನ ಗಂಡನ ಮುಖ ನೋಡಿದರು.

ವಾರ್ಡಿನಲ್ಲಿ ಇಟ್ಟುಕೊಂಡು ಬೆನ್ನಿನಿಂದ ನೀರು ತೆಗೆದರು, ಮತ್ತೇನೇನೋ ಪರೀಕ್ಷೆ ಮಾಡಿದರು. ರೋಗದ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನಮಗೆ ತಿಳಿಯಲೆಂದು ಡಾಕ್ಟರು ಹೊಲದ ಪಂಪಿನ ಮಾತು ತೆಗೆದರು. ವೈರಿನ ಮೇಲಿನ ರಬ್ಬರು ಅಲ್ಲಲ್ಲಿ ಇಲಿ ಕಡಿದರೆ ಮೋಟರಿಗೆ ಕರೆಂಟು ಸರಿಯಾಗಿ ಮುಟ್ಟುವುದಿಲ್ಲ. ಹಾಗೆ ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹರಿದಿದೆ. ಹರಿಯುವವರು ಹೊರಗಿನವರೂ ಅಲ್ಲ, ಮೈ ಕಾಯಬೇಕಾದ ರಕ್ತದ ಕಾವಲುಗಾರರೇ ದಾರಿ ತಪ್ಪಿ ಹೀಗೆ ಮಾಡುತ್ತಾರೆ. ಮೈ ಕಾದಾಗ ಆ ಹರಿದ ಜಾಗದಲ್ಲಿ ಸುದ್ದಿ ಮುಂದೆ ಸಾಗುವುದಿಲ್ಲ, ತಣ್ಣಗಾದರೆ ಸಾಗುತ್ತದೆ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಇದು ಏಳುವುದುಂಟು, ಅದಕ್ಕೂ ಬಾಣಂತನಕ್ಕೂ ಸಂಬಂಧವಿಲ್ಲ. ಈ ಕಡೆಯ ಮಾತನ್ನು ನಾನು ಅತ್ತೆಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿಸಿದೆ. ನಮ್ಮವ್ವನ ಮೇಲಿನ ಕೇಸು ಅಲ್ಲಿಗೆ ಖುಲಾಸೆಯಾಯಿತು.

"ಹಂಗಾದ್ರ ನಾ ಎರದ ನೀರಿಲೆ ಆಕಿ ನರ ಹೋದುವೇನ್ರಿ?" ಅತ್ತೆಯ ದನಿ ಸಣ್ಣಗಿತ್ತು.

"ಇಲ್ರಿ. ಬಿಸಿಗೆ ರೋಗ ಬೆಳೆಯೂದಿಲ್ಲ. ಆ ಹೊತ್ತಿಗೆ ತ್ರಾಸು ಅಷ್ಟ."

"ಇದಕ್ಕ ಔಷಧ?" ಎಂದು ನಾನು ಕೇಳಿದೆ.

ಅವರು ಸುತ್ತಿಬಳಸಲಿಲ್ಲ. ಬುಡಸಮೇತ ಕೀಳುವ ಔಷಧ ಇಲ್ಲ ಅಂದರು. ಜೋರಾಗಿ ಬಂದಾಗ ಸ್ಟಿರಾಯ್ಡ್ ಕೊಟ್ಟರೆ ಬೇಗ ಏಳಬಹುದು, ಮತ್ತೆ ಬರುವುದನ್ನು ಅದು ತಡೆಯುವುದಿಲ್ಲ. ಉಳಿದದ್ದು ನಾವೇ ಸಂಭಾಳಿಸಿಕೊಳ್ಳಬೇಕು. ಬಿಸಿಲು, ಬೆಂಕಿ ಕಡಿಮೆ. ಸುಸ್ತಾಗುವ ಮೊದಲೇ ವಿಶ್ರಾಂತಿ. ಕಾಲಿಗೆ ದಿನವೂ ವ್ಯಾಯಾಮ. ಹೊಸದೇನಾದರೂ ಕಂಡರೆ ತಡಮಾಡದೆ ಬರಬೇಕು.

ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಬೆಂದು, ಬೈಸಿಕೊಂಡು, ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡು ಬಂದರೆ ಸಿಕ್ಕಿದ್ದು ಒಂದು ಹೆಸರು. ಅದೂ ನಾಲಿಗೆ ತಿರುಗದ ಹೆಸರು! ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಸಂಶಿ ಬರುವವರೆಗೂ ಅತ್ತುಬಿಟ್ಟೆ. ತಪ್ಪಾಯಿತು ಎನ್ನುವ ಮಾತು ಅತ್ತೆಯ ಬಾಯಿಂದ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಆದರೆ ಮನೆಯ ಕೆಲಸದ ರೀತಿ ಬದಲಾಯಿತು. ರೊಟ್ಟಿಯ ಹೊತ್ತು ನಸುಕಿಗೆ ಹೋಯಿತು. ನನ್ನ ಬಡಿಯುವ ಕಲ್ಲು, ಹಿಟ್ಟಿನ ಪರಾತ ಎರಡನ್ನೂ ಅತ್ತೆ ಹಿತ್ತಲ ಬಾಗಿಲಿಗೆ ಎಳೆದಿಟ್ಟರು, ಗಾಳಿಗೆ. ನಾನು ಅಲ್ಲಿ ಕೂತು ಬಡಿಯಬೇಕು, ಅವರು ಎದ್ದು ಬಂದು ಒಯ್ದು ಹಂಚಿಗೆ ಹಾಕಬೇಕು. ಸೊಂಟ ಹಿಡಿದುಕೊಂಡೇ ಓಡಾಡುತ್ತಿದ್ದರು. ನಾನು ಕತ್ತಿಗೆ ಹಸಿ ಬಟ್ಟೆ ಸುತ್ತಿಕೊಂಡು ಕೆಲಸ ಮಾಡುತ್ತಿದ್ದೆ. ಸ್ಟಿರಾಯ್ಡ್ ಗುಳಿಗೆ ತಿಂದಾಗ ಮುಖ ಪೂರಿಯ ಹಾಗೆ ಉಬ್ಬುತ್ತಿತ್ತು, ಊಟಕ್ಕೆ ಉಪ್ಪಿನ ಪಥ್ಯ ಬೇರೆ. ಊರಿನವರಂತೂ "ಚಂದ ಕಾಣತೀಯಲ್ಲ, ಏನಾಗೈತಿ ನಿನಗ?" ಎಂದು ಕೇಳಿ ಕೇಳಿ ಪ್ರಾಣ ತಿಂದರು. ಕೋಲು ಹಿಡಿದು ಬಂದ ದಿನ ಅಯ್ಯೋ ಪಾಪ, ಕೋಲಿಲ್ಲದೆ ಬಂದ ದಿನ ನಾಟಕ. ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರದ ಮೈಯನ್ನು ಎಷ್ಟು ಜನಕ್ಕೆಂದು ವಿವರಿಸುವುದು?

ಎರಡು ವರ್ಷ ಹಾಗೇ ಹೋಯಿತು. ನನ್ನ ತಂಗಿಯ ಮದುವೆ ಗೊತ್ತಾಯಿತು. ಅಣ್ಣಿಗೇರಿಯಲ್ಲಿ ಮದುವೆ, ನಾನೇ ಹಿರಿಯ ಮಗಳು. ಎಲ್ಲರೆದುರು ಕೋಲಿಲ್ಲದೆ ನಡೆದು ಅಕ್ಕಿಕಾಳು ಹಾಕಬೇಕೆಂದು ನನಗೆ ಹುಚ್ಚು ಆಸೆ. ಹೊರಡುವ ವಾರದಲ್ಲಿ ಎಡಗೈ ಬೆರಳ ತುದಿಯಲ್ಲಿ ಜೋಮು ಹತ್ತಿತು. ನಸುಕಿನ ತಂಪಿನಲ್ಲೂ ಇಳಿಯಲಿಲ್ಲ. ಮರುದಿನ ಮಣಿಕಟ್ಟಿಗೆ ಏರಿತು. ಒಲೆಯ ಬಿಸಿಗೆ ಬರುವುದಕ್ಕೂ ಇದಕ್ಕೂ ವ್ಯತ್ಯಾಸ ನನಗೆ ಗೊತ್ತಿತ್ತು, ರೋಗವೇ ಮತ್ತೆ ಎದ್ದಿತ್ತು. ಆದರೂ ಯಾರಿಗೂ ಹೇಳಲಿಲ್ಲ. ಮದುವೆಯೊಂದು ಮುಗಿಯಲಿ, ಆಮೇಲೆ ಏನಾದರೂ ಆಗಲಿ ಅಂದುಕೊಂಡೆ.

ನಸುಕಿನಲ್ಲಿ ಹಿತ್ತಲ ಬಾಗಿಲಿಗೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಬಲಗೈಯಿಂದ ಬಡಿಯುತ್ತ ಎಡಗೈಯಿಂದ ತಿರುಗಿಸಬೇಕು. ನಾನು ಹೇಗೋ ಮೊಣಕೈಯಿಂದ ದೂಡುತ್ತಿದ್ದೆ. ಅತ್ತೆ ಒಲೆಯ ಕಡೆ ಮುಖ ಮಾಡಿ ಕೂತಿದ್ದರು, ನನ್ನ ಕಡೆ ನೋಡಿರಲಿಲ್ಲ.

"ನಿಲ್ಲಸು" ಅಂದರು.

"ಯಾಕ್ರಿ?"

"ರೊಟ್ಟಿ ತಿರಗವಲ್ದು. ಸಪ್ಪಳ ಒಂದ ಕಡೆ ಬೀಳಾಕತ್ತೈತಿ. ಎಡಗೈ ಹೋಗೈತಿ ನಿಂದು."

"ಇಲ್ರಿ ಅತ್ಯಾರ, ಆರಾಮ ಅದೀನಿ. ಹಿಟ್ಟು ಜಿಗಿ ಇಲ್ಲ, ಅದಕ್ಕ."

ಅತ್ತೆ ಹಂಚು ಇಳಿಸಿದರು. ಎದ್ದು ಬಂದು ನನ್ನ ಎಡಗೈ ಎತ್ತಿ ಬಿಟ್ಟರು. ಅದು ಪರಾತದೊಳಗೆ ಧೊಪ್ಪನೆ ಬಿತ್ತು.

"ಸುಳ್ಳ ಹೇಳಬ್ಯಾಡ" ಅಂದರು. "ಬ್ಯಾನಿ ಬಂದೈತಿ ನಿನಗ. ಇವತ್ತ ಹುಬ್ಬಳ್ಳಿಗೆ ಹೋಗೂಣು."

ವರ್ಷಗಟ್ಟಲೆ ನಾನು ಕಾದ ಮಾತು. ಬೇಡಿ, ಅತ್ತು, ಕಂಬ ತಬ್ಬಿ ಕಿರುಚಿದರೂ ಬಾರದ ಮಾತು. ಅದು ಬರಬಾರದೆಂದು ನಾನು ಉಸಿರು ಬಿಗಿಹಿಡಿದು ಕೂತಿದ್ದ ದಿನವೇ ಬಂತು. ನನಗೆ ಎಲ್ಲಿತ್ತೋ ಸಿಟ್ಟು, ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನ ತಂಗಿ ಮದುವೆ ತಪ್ಪಿಸಿದಿರಿ, ಅಂದು ನಂಬಲಿಲ್ಲ, ಇಂದು ಯಾರು ನಂಬು ಅಂದರು ನಿಮಗೆ, ನೀವು ನನ್ನ ಪಾಲಿನ ಶನಿ ಎಂದೆಲ್ಲ ಅಂದೆ. ಅತ್ತೆ ಒಳಗೆ ಹೋದರು. ದವಾಖಾನೆಯ ಚೀಲಕ್ಕೆ ನನ್ನ ಎರಡು ಸೀರೆ ತುಂಬಿದರು, ತಮ್ಮದೊಂದನ್ನೂ ತುಂಬಿದರು. ಬಂದು ನನ್ನ ಕೈಯ ಹಿಟ್ಟು ತಮ್ಮ ಸೆರಗಿನಿಂದಲೇ ಒರೆಸಿ, ಕಂಕುಳಿಗೆ ಕೈ ಹಾಕಿ ಎತ್ತಿದರು.

"ಬೈ, ಬೈ. ಹುಬ್ಬಳ್ಳಿ ತನಕಾ ಬೈಯಿವಂತಿ. ಮೊದಲ ಏಳು, ಬಸ್ಸು ತಪ್ಪತೈತಿ."